ನಾಲ್ಕನೆಯ ಸಿನಿಮಾದ ಕೋಟು

ದೇವೀಂದ್ರಪ್ಪ ಹೋದ ಸೋಮವಾರ ಸಂಜೆ ತೀರಿಕೊಂಡ. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ತನ್ನ ಟೇಲರ್ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತಲ್ಲೇ ಹೋದ. ವಯಸ್ಸು ಐವತ್ತೈದು. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರರು ಮೊದಲೇ ಹೇಳಿದ್ದರು.

ಮರುದಿನ ಮಣ್ಣೂರಿನ ಅವರ ಹೊಲದಲ್ಲಿ ಮಣ್ಣು ಮಾಡಿದೆವು. ಮೈಮೇಲೆ ಕಪ್ಪು ಕೋಟಿತ್ತು. ಬಲಗೈಯ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು. ಎಡಗೈಯದು ಉದ್ದವಾಗಿ ಇಳಿದು ಬೆರಳುಗಳನ್ನು ಅರ್ಧ ಮುಚ್ಚಿತ್ತು. ಅದರ ಮೇಲೊಂದು ಬಿಳಿ ಗೆರೆ. ಟೇಲರನ ಮೈಮೇಲೇ ಇಂಥ ಕೋಟು ಯಾಕೆ ಎಂದು ದೂರದಿಂದ ಬಂದವರು ಕೇಳಿದರು. ಎಡಗೈಯದನ್ನೂ ಒಳಗೆ ಮಡಿಚಿ ಪಿನ್ನು ಹಾಕೋಣ ಎಂದು ಒಬ್ಬರು ಮುಂದಾದರು. ಮೈತ್ರಿ ಬೇಡ ಎಂದಳು. ಮೈತ್ರಿ ಅವನ ಅಣ್ಣನ ಮಗಳು, ಕಲಬುರಗಿಯಲ್ಲಿ ವಕೀಲಳು. ಕೇಳಿದವರಿಗೆ ಉತ್ತರ ಹೇಳುವ ಸ್ಥಿತಿಯಲ್ಲಿ ಆ ದಿನ ನಾವ್ಯಾರೂ ಇರಲಿಲ್ಲ. ಉತ್ತರವೂ ಸಣ್ಣದಲ್ಲ, ಎಂಟು ಸಿನಿಮಾಗಳಷ್ಟು ಉದ್ದದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಜೇವರ್ಗಿ ಕಡೆಯ ಇಜೇರಿಯವನು. ಅಫಜಲಪುರದ ಗ್ರಂಥಾಲಯಕ್ಕೆ ಕೆಲಸಕ್ಕೆ ಬಂದ ಹೊಸತರಲ್ಲಿ ಅಂಗಿ ಹೊಲಿಸಲು ‘ನಾಗಣ್ಣ ಟೇಲರ್ಸ್’ ಎಂಬ ಬೋರ್ಡಿದ್ದ ಅಂಗಡಿಗೆ ಹೋದೆ. ನಾಗಣ್ಣ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದ. ತಮ್ಮ ದೇವೀಂದ್ರಪ್ಪ ಮೂಲೆಯಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದ. ಅಣ್ಣ ಎತ್ತರದ, ಅಗಲ ಭುಜದ ಆಳು; ತಮ್ಮ ಅವನ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ತೋಳಿನ ಅಳತೆಗೆಂದು ನಾನು ಕೈಯನ್ನು ಬಿಗಿಯಾಗಿ ಚಾಚಿದಾಗ ನಾಗಣ್ಣ, ಮೂರನೆಯ ಸಿನಿಮಾದಾಗ ಕೋಟಿನವ ಸೇತುವೆಯ ಮೇಲೆ ನಿಂತ ಹಾಗೆ ಕೈ ಸಡಿಲ ಬಿಡ್ರಿ ಎಂದ. ನಾನು ತಟ್ಟನೆ ಬಿಟ್ಟೆ. ನನಗೂ ಆ ಸೇತುವೆ ಗೊತ್ತು ಎಂಬುದು ಅಣ್ಣತಮ್ಮಂದಿರಿಗೆ ತಿಳಿದುಹೋಯಿತು. ಹೇಳಿದ ದಿನಕ್ಕೆ ಅಂಗಿ ಸಿಗಲಿಲ್ಲ. ಅದು ಸಿಗುವ ಹೊತ್ತಿಗೆ ನಾನು ದಿನವೂ ಸಂಜೆ ಅಲ್ಲಿ ಕೂರುವವನಾಗಿದ್ದೆ.

ಕೋಟಿನವ ಎಂದರೆ ಒಬ್ಬ ಗೂಢಚಾರ. ಯಾವುದೋ ದೂರದೇಶದ ಸಿನಿಮಾ ಸರಣಿ, ಹಿಂದಿಗೆ ಡಬ್ ಆಗಿ ನಮ್ಮಲ್ಲಿಗೆ ಬರುತ್ತಿತ್ತು. ಒಟ್ಟು ಎಂಟು ಬಂದವು. ಪೋಸ್ಟರಿನ ಮೇಲೆ ಪ್ರತಿ ಸಲ ಬೇರೆ ಹೆಸರಿರುತ್ತಿತ್ತು, ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಒಂದನೆಯದು, ಎರಡನೆಯದು ಎಂದೇ ಕರೆಯುತ್ತಿದ್ದೆವು. ಕಥೆ ಹೆಚ್ಚುಕಡಿಮೆ ಒಂದೇ. ಯಾರೋ ಒಬ್ಬ ಲೋಕವನ್ನು ಹಾಳುಮಾಡಲು ಹೊರಡುತ್ತಾನೆ, ಕಪ್ಪು ಕೋಟಿನವನು ಹೋಗಿ ತಡೆಯುತ್ತಾನೆ. ನಡುವೆ ಕಾರುಗಳು ಓಡುತ್ತವೆ, ಹಡಗು ಸಿಡಿಯುತ್ತದೆ, ಸಂತೆಯಲ್ಲಿ ಯಾರದೋ ಹಣ್ಣಿನ ಬಂಡಿ ಪಲ್ಟಿಯಾಗುತ್ತದೆ.

ಆಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿಗೆ ಸಿನಿಮಾದ ಒಂದೇ ಪ್ರತಿ ಬರುತ್ತಿತ್ತು. ಸೊಲ್ಲಾಪುರದಿಂದ ಬಸ್ಸಿನ ಟಾಪಿನ ಮೇಲೆ ರೀಲಿನ ಡಬ್ಬಿಗಳು ಆಳಂದಕ್ಕೆ, ಅಲ್ಲಿ ಓಡಿ ಮುಗಿದ ಮೇಲೆ ಅಫಜಲಪುರಕ್ಕೆ, ಕೊನೆಗೆ ಜೇವರ್ಗಿಗೆ. ಮೂರನೆಯ ಸಿನಿಮಾ ಬಂದ ಬಸ್ಸಿನಲ್ಲೇ ಮಾದನಹಿಪ್ಪರಗಾದ ಒಂದು ಮದುವೆಯ ಮಂದಿಯೂ ಇದ್ದರು. ಅವರು ಟಾಪಿನಿಂದ ತಮ್ಮ ಎಣ್ಣೆಡಬ್ಬಿ, ಉಂಡಿಡಬ್ಬಿಗಳನ್ನು ಇಳಿಸಿಕೊಳ್ಳುವಾಗ ಕೊನೆಯ ರೀಲಿನ ಡಬ್ಬಿಯನ್ನೂ ಇಳಿಸಿಕೊಂಡು ಹೋದರೆಂದು ಆಳಂದದ ಹಿರಿಯರು ಈಗಲೂ ಹೇಳುತ್ತಾರೆ. ಆ ಡಬ್ಬಿ ಮತ್ತೆ ಸಿಗಲಿಲ್ಲ. ಟಾಕೀಸಿನವರು ಇದ್ದಷ್ಟನ್ನೇ ಓಡಿಸಿದರು.

ಇದ್ದಷ್ಟು ಎಂದರೆ, ಮಂಜು ತುಂಬಿದ ಕಣಿವೆಯ ಮೇಲೆ ಹಗ್ಗದ ಸೇತುವೆ. ಕೋಟಿನವ ತನ್ನ ಜೊತೆಯವರನ್ನು ಆಚೆ ದಾಟಿಸುತ್ತಾನೆ. ವೈರಿಗಳು ಹಿಂದೆ ಬರುತ್ತಾರೆ. ಅವನು ನಡುವೆ ನಿಂತು, ಕೈ ಸಡಿಲ ಬಿಟ್ಟು ಒಮ್ಮೆ ಆಚೆಯ ದಡ ನೋಡಿ, ತಾನು ನಿಂತ ಹಗ್ಗವನ್ನೇ ಕತ್ತರಿಸುತ್ತಾನೆ. ಮಂಜಿನಲ್ಲಿ ಬೀಳುತ್ತಾನೆ. ಪರದೆ ಬೆಳ್ಳಗಾಗುತ್ತದೆ. ನಾನು ಜೇವರ್ಗಿಯಲ್ಲಿ ನೋಡಿದಾಗ ದೀಪ ಹತ್ತಿದ ಮೇಲೂ ಯಾರೂ ಏಳಲಿಲ್ಲ. ನನ್ನ ಪಕ್ಕದ ಮುದುಕ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಬೇರೆ ಕಡೆಯವರಿಗೆ ಅದೊಂದು ಸಾಧಾರಣ ಸಿನಿಮಾ. ನಮ್ಮ ಮೂರು ತಾಲೂಕುಗಳಲ್ಲಿ ಕೋಟಿನವ ಸತ್ತುಹೋಗಿದ್ದ.

ಆ ಸಿನಿಮಾ ನೋಡಿ ಬಂದ ನಾಗಣ್ಣ ಸೊಲ್ಲಾಪುರದಿಂದ ಕಪ್ಪು ಬಟ್ಟೆ ತರಿಸಿ ತನಗೊಂದು ಅಂಥದೇ ಕೋಟು ಹೊಲಿದುಕೊಂಡ. ಏಪ್ರಿಲ್ ಬಿಸಿಲಿನಲ್ಲಿ ಬಾಬಾಸಾಹೇಬರ ಜಯಂತಿಯ ಮೆರವಣಿಗೆಗೆ ಅದನ್ನು ತೊಟ್ಟು ಮುಂದೆ ನಡೆಯುತ್ತಿದ್ದ. ನಾನು ಊರಿಗೆ ಬಂದ ಎರಡನೆಯ ವರ್ಷ ಅವನಿಗೆ ಕಾಮಾಲೆ ಬಂತು. ಮೊದಲು ಗಿಡಮೂಲಿಕೆ, ಆಮೇಲೆ ಆಸ್ಪತ್ರೆ, ಉಳಿಯಲಿಲ್ಲ. ಹೆಂಡತಿ ಮಲ್ಕಮ್ಮ, ಮೂರು ವರ್ಷದ ಮೈತ್ರಿ, ಕತ್ತರಿಸಿಟ್ಟು ಇನ್ನೂ ಹೊಲಿಯದ ಊರವರ ಬಟ್ಟೆಗಳು ಉಳಿದವು.

ದೇವೀಂದ್ರಪ್ಪನಿಗೆ ಆಗ ಇಪ್ಪತ್ತಾರು. ಅವನು ಅಲ್ಲಿಯತನಕ ಒಂದು ಅಂಗಿಯನ್ನೂ ಸ್ವತಃ ಕತ್ತರಿಸಿರಲಿಲ್ಲ. ಅಣ್ಣನ ಸ್ಟೂಲಿನ ಮೇಲೆ ಕುಳಿತರೆ ಕಾಲು ಪೆಡಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಸ್ಟೂಲಿನ ಕಾಲು ಕತ್ತರಿಸು ಎಂದು ನಾನು ಹೇಳಿದರೆ ಕೇಳದೆ ಪೆಡಲಿಗೆ ಒಂದು ಹಲಗೆ ಕಟ್ಟಿಕೊಂಡ. ಹಿರಿಯರು ಬಂದು ಉಡಿಕಿ ಮಾಡಿ ಮಲ್ಕಮ್ಮನನ್ನು ಅವನಿಗೇ ಕೂಡಿಸುವ ಮಾತಾಡಿದರು. ಮಲ್ಕಮ್ಮ ಒಲ್ಲೆ ಎಂದಳು. ಮೈದುನನಾಗಿ ಬಂದವನು ಮೈದುನನಾಗೇ ಇರಲಿ, ನಾನು ಜಂಪರು ಹೊಲಿದುಕೊಂಡು ಇದೇ ಅಂಗಡಿಯಲ್ಲಿ ಇರುತ್ತೇನೆ ಎಂದಳು. ಹಾಗೇ ಆಯಿತು. ಅವನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ನಾಲ್ಕನೆಯದರಲ್ಲಿ ಹೀರೋಯಿನ್ ಎಲ್ಲಿದ್ದಾಳೆ ಎಂದು ನಗುತ್ತಿದ್ದ.

ನಾಲ್ಕನೆಯದು ಬಂದದ್ದು ನಾಗಣ್ಣ ತೀರಿಕೊಂಡ ಮರುವರ್ಷ. ಒಂದು ಭಾನುವಾರದ ಮ್ಯಾಟಿನಿಗೆ ಅವನು, ನಾನು, ಅವನ ತೊಡೆಯ ಮೇಲೆ ಮೈತ್ರಿ. ಕೋಟಿನವ ಸತ್ತ ಮೇಲೆ ಇನ್ನೇನು ಸಿನಿಮಾ ಎಂದು ಟಾಕೀಸಿನ ತುಂಬ ಗುಸುಗುಸು. ಪರದೆಯ ಮೇಲೆ ಕಪ್ಪು ಕೋಟು ಬಂತು, ಆದರೆ ಒಳಗಿನ ಮನುಷ್ಯ ಬೇರೆ. ಹಳೆಯ ನಟ ಬಿಟ್ಟುಹೋಗಿ ಹೊಸಬನನ್ನು ಹಾಕಿದ್ದರು. ಎಳೆಯ ಮುಖ, ಸಣ್ಣ ಮೈ. ಕೋಟಿನ ಭುಜ ಜೋತುಬಿದ್ದಿತ್ತು, ತೋಳು ಬೆರಳಿನ ತನಕ ಬಂದಿತ್ತು. ಮೈತ್ರಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

“ಇಂವ ಯಾರ ಕಾಕಾ?”

ದೇವೀಂದ್ರಪ್ಪ ಸ್ವಲ್ಪ ಹೊತ್ತು ಪರದೆ ನೋಡಿದ. “ತಮ್ಮ” ಎಂದ.

“ಅಣ್ಣ ಎಲ್ಲಿ?”

“ಅಣ್ಣ ಸೇತುವಿ ಮ್ಯಾಲಿಂದ ಬಿದ್ದನಲ್ಲವ್ವಾ. ಅವನ ಕೆಲ್ಸ ಉಳದಿತ್ತು. ಮುಗಸಾಕ ತಮ್ಮ ಬಂದಾನ.”

“ಕೋಟ ದೊಡ್ಡದಾಗ್ಯದ.”

“ಅಣ್ಣನ ಕೋಟ ಅದ. ಅದಕ್ಕ.”

ಮುಂದಿನ ಸಾಲಿನವರು ತಿರುಗಿ ನೋಡಿದರು. ಒಬ್ಬರು ಇನ್ನೊಬ್ಬರಿಗೆ ಹೇಳಿದರು. ವಿರಾಮದ ಹೊತ್ತಿಗೆ ಚಹಾದಂಗಡಿಯ ಮುಂದೆ ಎಲ್ಲರ ಬಾಯಲ್ಲೂ ಅದೇ, ಇಂವ ತಮ್ಮ. ಎಲ್ಲ ಹೊಂದಿಕೊಂಡಿತು. ವಾರದ ಮೇಲೆ ಜೇವರ್ಗಿಗೆ ಪ್ರತಿಯ ಜೊತೆ ಆ ಮಾತೂ ಹೋಯಿತು. ಆಳಂದದವರು ಮೊದಲೇ ನೋಡಿ ಗೊಂದಲದಲ್ಲಿದ್ದರು, ಅವರೂ ಒಪ್ಪಿಕೊಂಡರು. ಅಂದಿನಿಂದ ನಮ್ಮ ಮೂರು ತಾಲೂಕುಗಳಲ್ಲಿ ಆ ಸರಣಿ ಇಬ್ಬರು ಅಣ್ಣತಮ್ಮಂದಿರ ಕಥೆ. ಅಣ್ಣನವು ಮೂರು, ತಮ್ಮನವು ಐದು.

ಪ್ರತಿ ವರ್ಷ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಾವು ಮಣ್ಣೂರಿನ ಅವರ ಹೊಲಕ್ಕೆ ಹೋಗುತ್ತಿದ್ದೆವು. ಬೆಳೆಗೆ ಚರಗದ ಎಡೆ ಚೆಲ್ಲಿ, ಬೇವಿನ ಮರದ ಕೆಳಗೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡು ಕಾಲು ಚಾಚಿದ ಮೇಲೆ ಸಿನಿಮಾಗಳ ಲೆಕ್ಕ ಶುರು. ಯಾವುದು ಮೊದಲು, ಯಾವುದು ಕೊನೆ. ಪ್ರತಿಯೊಬ್ಬರೂ ಎದ್ದು ನಿಂತು ಹೇಳಬೇಕು, ಕಾರಣ ಕೊಡಬೇಕು. ಕಳೆದ ವರ್ಷದ ಮಾತನ್ನು ಬದಲಿಸಿದರೆ ಯಾಕೆ ಬದಲಿಸಿದೆ ಎಂದು ಹೇಳಬೇಕು.

ನಾನು ಒಂದನೆಯದನ್ನು ಮೊದಲಿಗಿಡುತ್ತಿದ್ದೆ. ಅದರಲ್ಲಿ ಕೋಟಿನವ ಬಹಳ ನಡೆಯುತ್ತಾನೆ, ಯೋಚಿಸುತ್ತಾನೆ, ಗುಂಡು ಹಾರಿಸುವುದು ಕೊನೆಯಲ್ಲಿ ಮಾತ್ರ. ಈಗಲೂ ನನ್ನ ಅಭಿಪ್ರಾಯ ಅದೇ. ಬಸ್ ನಿಲ್ದಾಣದ ಮುಂದೆ ಹಣ್ಣು ಮಾರುವ ಬುರಾನುದ್ದೀನ ನಮ್ಮ ಮೂರನೆಯ ಗೆಳೆಯ. ಅವನದು ಬೇರೆಯೇ ಮಾಪು. ಯಾವ ಸಿನಿಮಾದಲ್ಲಿ ಎಷ್ಟು ಹಣ್ಣು ಹಾಳಾಯಿತು ಎಂಬುದರ ಮೇಲೆ ಅವನ ಸ್ಥಾನ. ಎರಡನೆಯದರಲ್ಲಿ ಮರುಭೂಮಿಯ ಸಂತೆಯಲ್ಲಿ ಕಾರು ಕಿತ್ತಳೆಯ ಬಂಡಿಯ ಮೇಲೆ ಹೋದದ್ದನ್ನು ಅವನು ಇಂದಿಗೂ ಕ್ಷಮಿಸಿಲ್ಲ. ಲೋಕ ಉಳಿಸುವವನು ಇಳಿದು ಒಂದು ಮಾತು ಕೇಳಬಾರದೇ ಎನ್ನುತ್ತಿದ್ದ. ಏಳನೆಯದು ಪೂರ್ತಿ ಕಂಪ್ಯೂಟರಿನ ಕಥೆ, ನಮಗ್ಯಾರಿಗೂ ತಿಳಿಯಲಿಲ್ಲ. ಆದರೆ ಒಂದು ಹಣ್ಣೂ ಬೀಳುವುದಿಲ್ಲ ಎಂಬ ಕಾರಣಕ್ಕೆ ಬುರಾನುದ್ದೀನ ಅದನ್ನೇ ಮೊದಲಿಗಿಡುತ್ತಿದ್ದ. ಮಲ್ಕಮ್ಮನಿಗೆ ಆರನೆಯದು. ಅದರಲ್ಲಿ ಒಬ್ಬ ಹೆಣ್ಣು ಗೂಢಚಾರಿಣಿ ಇವನಿಗಿಂತ ಚುರುಕಾಗಿದ್ದು, ಕೊನೆಗೆ ಇವನು ಕರೆದರೂ ಹೋಗದೆ ತನ್ನ ಊರಿನ ರೈಲು ಹತ್ತುತ್ತಾಳೆ. “ಆಕಿ ತನ್ನ ಕೆಲ್ಸ ಮುಗಿಸಿ ತನ್ನ ಮನಿಗಿ ಹ್ವಾದಳು” ಎನ್ನುತ್ತಿದ್ದಳು ಮಲ್ಕಮ್ಮ. ಅಷ್ಟೇ ಅವಳ ಕಾರಣ.

ದೇವೀಂದ್ರಪ್ಪ ನೋಡುತ್ತಿದ್ದದ್ದು ಕೋಟನ್ನು. ಒಂದನೆಯದರಲ್ಲಿ ಸೊಂಟಕ್ಕೆ ಬಿಗಿ ಹೊಲಿದಿದ್ದಾರೆ, ಅದಕ್ಕೇ ಕೋಟಿನವ ಓಡುವುದಿಲ್ಲ, ನಡೆಯುತ್ತಾನೆ ಎನ್ನುತ್ತಿದ್ದ. ನನ್ನ ಇಡೀ ವಾದವನ್ನು ಹೀಗೆ ಒಂದು ಹೊಲಿಗೆಯಲ್ಲಿ ಮುಗಿಸುತ್ತಿದ್ದ. ಎರಡನೆಯದರಲ್ಲಿ ಬಟ್ಟೆ ಮುದುಡುವ ಜಾತಿಯದು. ಮೂರನೆಯದರ ಕೋಟು ಎಲ್ಲಕ್ಕಿಂತ ಚೊಲೋ, ಆದರೆ ಅದು ಕಣಿವೆಯ ಪಾಲಾಯಿತು. ಐದನೆಯದರಿಂದ ಮುಂದೆ ತಮ್ಮನಿಗೂ ಅಳತೆಯ ಕೋಟು ಬಂತು. ನಾಲ್ಕನೆಯದು ಮಾತ್ರ ಹಾಗಲ್ಲ. ಅದರಲ್ಲಿ ತೋಳು ಉದ್ದವಾಗಿ ಪಿಸ್ತೂಲು ತೆಗೆಯುವುದಕ್ಕೂ ಅಡ್ಡ ಬರುತ್ತದೆ. ಆದರೂ ಕೆಲಸ ಮುಗಿಸುತ್ತಾನೆ. ಆದ್ದರಿಂದ ನಾಲ್ಕನೆಯದೇ ಮೊದಲು.

ಆ ಸಿನಿಮಾ ನಿಜಕ್ಕೂ ಚೆನ್ನಾಗಿರಲಿಲ್ಲ. ಹೊಸ ನಟ ಮರದ ಗೊಂಬೆಯ ಹಾಗೆ ನಿಲ್ಲುತ್ತಾನೆ, ಕಥೆ ಉಪ್ಪಿನ ಗಣಿಯೊಳಗೆ ಸಿಕ್ಕಿಕೊಂಡು ಹೊರಗೇ ಬರುವುದಿಲ್ಲ. ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಈ ಸರಣಿಯ ಬಗ್ಗೆ ಬಂದಾಗಲೆಲ್ಲ ನಾಲ್ಕನೆಯದು ಕಡೆಯ ಸ್ಥಾನದಲ್ಲಿರುತ್ತಿತ್ತು. ನಾನು ಅವನಿಗೆ ಓದಿ ಹೇಳುತ್ತಿದ್ದೆ. ಅವರು ಟೇಲರರಲ್ಲ ಬಿಡ್ರಿ ಎನ್ನುತ್ತಿದ್ದ.

ಪುಟ್ಟ ಮೈತ್ರಿ ಆ ವರ್ಷಗಳಲ್ಲಿ ಕಾಕಾ ಹೇಳಿದ ಅಣ್ಣತಮ್ಮಂದಿರ ಕಥೆಯನ್ನೇ ನಂಬಿದ್ದಳು. ಮೂರನೆಯದು, ನಾಲ್ಕನೆಯದು ಎರಡೂ ಮೊದಲು ಎನ್ನುತ್ತಿದ್ದಳು. ಎರಡನ್ನು ಮೊದಲಿಗಿಡುವ ಹಾಗಿಲ್ಲ ಎಂದು ಬುರಾನುದ್ದೀನ ತಕರಾರು ಮಾಡಿದರೆ ಅಳುತ್ತಿದ್ದಳು.

ಅವಳಿಗೆ ಹನ್ನೆರಡು ವರ್ಷವಾದಾಗ ಟಿವಿಯಲ್ಲಿ ಮೂರನೆಯ ಸಿನಿಮಾ ಬಂತು, ಪೂರ್ತಿಯಾಗಿ. ಮಾದನಹಿಪ್ಪರಗಾದಲ್ಲಿ ಕಳೆದುಹೋದ ರೀಲನ್ನು ನಮ್ಮ ಕಡೆಯವರೆಲ್ಲ ಅಂದೇ ಮೊದಲು ನೋಡಿದ್ದು. ಮಂಜಿನ ಕೆಳಗೆ ನದಿಯಿತ್ತು. ನದಿಯಲ್ಲಿ ದೋಣಿಯಿತ್ತು. ಕೋಟಿನವ ಈಜಿ ದೋಣಿ ಹತ್ತಿ, ಅಲ್ಲಿದ್ದ ಬುಟ್ಟಿಯಿಂದ ಒಂದು ಸೇಬು ತೆಗೆದು ಕಚ್ಚಿ, ಏನೋ ತಮಾಷೆ ಮಾಡಿ ನಗುತ್ತಾನೆ. ನಾಲ್ಕನೆಯದರಲ್ಲಿ ಬಂದವನು ತಮ್ಮನಲ್ಲ, ಅದೇ ಮನುಷ್ಯ. ನಟ ಮಾತ್ರ ಬೇರೆ. ಮರುದಿನ ಬೆಳಿಗ್ಗೆ ಬುರಾನುದ್ದೀನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

“ಏ ದೇವ್ಯಾ, ನಿಮ್ಮ ಅಣ್ಣ ಜಿಂದಾ ಅದಾನಲೇ. ದೋಣ್ಯಾಗ ಕುಂತು ಸೇಬು ತಿನ್ನಾಕತ್ತಾನ. ಅದೂ ಮಂದೀ ಸೇಬು.”

ಕೂತವರೆಲ್ಲ ನಕ್ಕರು. ದೇವೀಂದ್ರಪ್ಪನೂ ನಕ್ಕ. ಆಗ ಶಾಲೆಯ ಚೀಲ ಹಾಕಿಕೊಂಡ ಮೈತ್ರಿ ಬಂದಳು. ನೆರೆಮನೆಯಲ್ಲಿ ಅವಳೂ ನೋಡಿದ್ದಳು. ಅವಳ ಮುಖ ನೋಡಿ ನಗು ನಿಂತಿತು.

“ಅಂವ ಸತ್ತಿಲ್ಲ ಕಾಕಾ. ತಮ್ಮ ಅನ್ನಾಂವ ಇಲ್ಲೇ ಇಲ್ಲ. ನೀ ಸುಳ್ಳ ಹೇಳಿದಿ.”

ದೇವೀಂದ್ರಪ್ಪ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟ. “ನಮ್ಮೂರಿಗಿ ಬಂದಾಂವ ಸತ್ತಾನವ್ವಾ” ಎಂದ. “ಟಿವ್ಯಾಗ ಬಂದಾಂವ ಬ್ಯಾರೆ.”

ಅವಳು ತಿರುಗಿ ಶಾಲೆಗೆ ಹೋದಳು. ನಮಗೆಲ್ಲ ಅರ್ಥವಾಗಿತ್ತು. ಸಣ್ಣವಳಿದ್ದಾಗ ಅಪ್ಪ ಎಲ್ಲಿ ಎಂದು ಕೇಳಿದಾಗಲೆಲ್ಲ ಅವನು ಸಿನಿಮಾದ ಮಾತಿನಲ್ಲೇ ಹೇಳಿದ್ದ. ಅಣ್ಣ ಬಿದ್ದ, ತಮ್ಮ ಬಂದ. ಈಗ ಅಣ್ಣ ದೋಣಿಯಲ್ಲಿ ನಗುತ್ತಿದ್ದಾನೆ, ತಮ್ಮ ಇಲ್ಲವೇ ಇಲ್ಲ.

ಆ ವರ್ಷದ ಎಳ್ಳಮಾಸಿಯಲ್ಲಿ ಮೈತ್ರಿ ಎದ್ದು ನಿಂತು ಮೂರನೆಯದು ಮೊದಲು ಎಂದಳು. ಎಲ್ಲ ಹೇಳಿ ಮುಗಿಸಿ, ಕೊನೆಗೆ, “ನಾಲ್ಕನೇದು ಕಡೀಕ. ಅಂವಗ ಕೋಟ ಸೈತ ಬರೂದಿಲ್ಲ” ಎಂದಳು. ಹನ್ನೆರಡು ವರ್ಷದವಳ ಸಿಟ್ಟು. ದೇವೀಂದ್ರಪ್ಪ ತಲೆದೂಗಿ, ಕಾರಣ ಸರಿಯಿದೆ, ಬರೆದುಕೊಳ್ರಿ ಎಂದ, ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಸಿಟ್ಟು ಒಂದು ತಿಂಗಳಲ್ಲಿ ಇಳಿಯಿತು. ಕಾಕಾನ ಹೆಗಲ ಮೇಲೆ ಕೈ ಹಾಕಿ ನಡೆಯುವುದು, ಕಾಕಾನ ತಾಟಿನಿಂದ ಶೇಂಗಾ ಹೋಳಿಗೆ ಕದಿಯುವುದು ಎಲ್ಲ ಮರಳಿ ಬಂತು. ಆದರೆ ಆ ಸ್ಥಾನ ಮಾತ್ರ ಬದಲಾಗಲಿಲ್ಲ. ಕಾಲೇಜಿಗೆ ಹೋದಳು, ಕಲಬುರಗಿಯಲ್ಲಿ ಲಾ ಓದಿದಳು. ಪ್ರತಿ ವರ್ಷ ಬಂದು ನಗುತ್ತಲೇ, ನಾಲ್ಕನೇದು ಕಡೀಕ ಎನ್ನುತ್ತಿದ್ದಳು. ಅವಳಿಗೆ ಅದು ಬರುಬರುತ್ತ ತಮಾಷೆಯಾಗಿತ್ತು. ಅವನಿಗೆ ಆಗಿರಲಿಲ್ಲ.

ಇದು ನನಗೆ ಗೊತ್ತಾದದ್ದು ಹೊಲದಿಂದ ಬಸ್ಸಿಗೆ ನಡೆದು ಬರುವಾಗ ಒಂದು ವರ್ಷ. ಮುಂದೆ ಮಲ್ಕಮ್ಮ, ಮೈತ್ರಿ, ಹಿಂದೆ ನಾವಿಬ್ಬರು. ಅವನು ಭೀಮಾ ಹೊಳೆಯ ಕಡೆ ನೋಡುತ್ತ ಹೇಳಿದ, “ಆಕಿ ಒಂದ ಸಲ ನಾಲ್ಕನೇದು ಒಂದ ನಂಬರ್ ಮ್ಯಾಲ ತಂದ್ರ ಸಾಕ್ರಿ ಸರ. ಮೊದಲ ಬ್ಯಾಡ. ಕಡೀಕ ಇರಬಾರದು ಅಷ್ಟ.” ನಾನು ಅವಳಿಗೆ ಹೇಳುತ್ತೇನೆ ಎಂದೆ. ಹೇಳಿ ಹೇಳಿಸಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದ. ಅವಳಿಗೆ ಹೇಳಲಿಲ್ಲ.

ಮೈತ್ರಿ ವಕೀಲಳ ಸನದು ಪಡೆದಾಗ ಅವಳ ಕರಿ ಕೋಟನ್ನು ಅವನೇ ಹೊಲಿದ. ಸನದು ಕೊಡುವ ದಿನ ಹತ್ತಿರ ಬಂದರೂ ಮುಗಿಯಲಿಲ್ಲ. ಮೂರು ಸಲ ಬಿಚ್ಚಿ ಹೊಲಿದಿದ್ದ. ಯಾಕೆ ಇಷ್ಟು ಎಂದರೆ, ಇವಳ ಕೋಟು ಇವಳದೇ ಅಳತೆಯದು ಇರಬೇಕು ಎಂದ. ತಾನು ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಅಣ್ಣನ ಕೋಟು ತೊಟ್ಟು ಮೆರವಣಿಗೆಯಲ್ಲಿ ನಡೆಯುತ್ತಿದ್ದ. ಭುಜ ಜೋತು, ತೋಳು ಬೆರಳಿಗೆ. ಊರೆಲ್ಲರ ಬಟ್ಟೆ ಸರಿ ಮಾಡುವವನು ಇದನ್ನು ಸರಿಮಾಡಿಕೊಳ್ಳಬಾರದೇ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಐದನೆಯದರಲ್ಲಿ ತಮ್ಮನಿಗೆ ಕೋಟು ಸರಿಯಾಯಿತಲ್ಲ, ಅವನು ಮಾಡಿಸಿಕೊಳ್ಳಲಿಲ್ಲವೇ ಎಂದರೆ, “ಅವಂಗ ಯಾರರ ಹೂಂ ಅಂದಿರಬೇಕ್ರಿ” ಎನ್ನುತ್ತಿದ್ದ.

ಎಂಟನೆಯದನ್ನು ನೋಡಲು ಎಲ್ಲರೂ ಕಲಬುರಗಿಗೆ ಹೋಗಿದ್ದೆವು. ಮೈತ್ರಿಯೇ ಟಿಕೆಟ್ ತೆಗೆಸಿದ್ದಳು. ಆ ಹೊತ್ತಿಗೆ ನಟನಿಗೂ ವಯಸ್ಸಾಗಿತ್ತು. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾನೆ, ಕೋಟು ಎದೆಯ ಹತ್ತಿರ ಖಾಲಿಯಾಗಿ ಕಾಣುತ್ತದೆ. ದೇವೀಂದ್ರಪ್ಪನಿಗೆ ಅದು ಬಹಳ ಹಿಡಿಸಿತು. ತಮ್ಮನಿಗೆ ಇನ್ನು ಕುಂಡ್ರಾಕ ಬಿಡ್ರಪ್ಪಾ ಎಂದು ತೆರೆಗೆ ಹೇಳಿದ. ಹಿಂದಿನ ಸಾಲಿನ ಹುಡುಗರು ನಕ್ಕರು.

ಕಳೆದ ದೀಪಾವಳಿಯ ನಂತರ ಅವನಿಗೂ ಹಾಗೇ ಏದುಸಿರು ಶುರುವಾಯಿತು. ಮೈತ್ರಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದಳು. ಔಷಧಿಯ ಅಮಲಿನಲ್ಲಿ ಅವನು ಹೆಚ್ಚಾಗಿ ಮಲಗಿಯೇ ಇರುತ್ತಿದ್ದ. ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು, ಕೋರ್ಟಿನ ಕಾಗದಗಳನ್ನು ಓದಿ ಸಾಕಾದಾಗ, ಫೋನಿನಲ್ಲಿ ನಾಲ್ಕನೆಯ ಸಿನಿಮಾ ಹಾಕಿಕೊಂಡಳು. ಕಾಕಾನ ತೊಡೆಯ ಮೇಲೆ ಕುಳಿತು ನೋಡಿದ ಮೇಲೆ ಅವಳು ಅದನ್ನು ಪೂರ್ತಿ ನೋಡಿರಲೇ ಇಲ್ಲವಂತೆ. ಇದನ್ನು ಅವಳು ಆಮೇಲೆ ನನಗೆ ಹೇಳಿದಳು.

ಬಿಡುಗಡೆಯಾಗಿ ಬಂದ ಕೆಲವೇ ದಿನಕ್ಕೆ ಎಳ್ಳಮಾಸಿ. ನಡೆಯಲು ಆಗದವನನ್ನು ಬುರಾನುದ್ದೀನ ತನ್ನ ಹಣ್ಣಿನ ಟೆಂಪೊದಲ್ಲಿ, ಬಾಳೆಗೊನೆಗಳ ನಡುವೆ ಹಾಸಿಗೆ ಹಾಕಿ ಮಣ್ಣೂರಿಗೆ ತಂದ. ತಗ್ಗು ಬಂದಲ್ಲೆಲ್ಲ ನಿಧಾನ ಮಾಡಿದ. ಹಣ್ಣಿಗಾಗಿ ಮಾಡಾಕತ್ತೇನಿ, ನಿನಗಲ್ಲ ಎಂದು ಬೈದುಕೊಂಡೇ ತಂದ. ಉಂಡಾದ ಮೇಲೆ ಲೆಕ್ಕ ಶುರುವಾಯಿತು. ನಾನು ಒಂದನೆಯದು ಎಂದೆ. ಬುರಾನುದ್ದೀನ ಏಳನೆಯದು, ಮಲ್ಕಮ್ಮ ಆರನೆಯದು ಎಂದರು. ದೇವೀಂದ್ರಪ್ಪ ಮರಕ್ಕೆ ಒರಗಿದಲ್ಲೇ ನಾಲ್ಕು ಬೆರಳು ಎತ್ತಿ ತೋರಿಸಿದ. ಆಮೇಲೆ ಮೈತ್ರಿ ಎದ್ದಳು.

“ನಾಲ್ಕನೇದು ಮೊದಲ” ಎಂದಳು.

ಬದಲಿಸಿದವರು ಕಾರಣ ಹೇಳಬೇಕು ಎಂದು ಬುರಾನುದ್ದೀನ ನೆನಪಿಸಿದ. ಅವನ ಮಾತಿಗೆ ಎಂದಿನ ಜೋರಿರಲಿಲ್ಲ.

ಅವಳು ವಕೀಲರ ಹಾಗೆ ಹೇಳಿದಳು. ಉಳಿದ ಏಳರಲ್ಲಿ ಕೋಟಿನವನಿಗೆ ತಾನು ಗೆಲ್ಲುತ್ತೇನೆ ಎಂದು ಮೊದಲೇ ಗೊತ್ತಿರುತ್ತದೆ, ನೋಡುವವರಿಗೂ ಗೊತ್ತಿರುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಅವನಿಗೆ ಗೊತ್ತಿಲ್ಲ. ಗಣಿಯೊಳಗೆ ಇಳಿಯುವ ಮುಂಚೆ ಒಮ್ಮೆ ತನ್ನ ತೋಳು ನೋಡಿಕೊಳ್ಳುತ್ತಾನೆ; ಹೆದರಿದ್ದಾನೆ; ಆದರೂ ಇಳಿಯುತ್ತಾನೆ. ನಟನಿಗೆ ನಟನೆ ಬರದೆ ಹಾಗಾಗಿದ್ದರೂ ಚಿಂತೆಯಿಲ್ಲ ಎಂದಳು. ಆಮೇಲೆ ಕಾಕಾನ ಕಡೆ ತಿರುಗಿದಳು. ದನಿ ಬದಲಾಗಿತ್ತು.

“ಆವಾಗ ನೀ ಈಗಿನ ನನಗಿಂತ ಸಣ್ಣಾಂವ ಇದ್ದಿ ಕಾಕಾ. ನನಗ ಲಕ್ಷಕ್ಕ ಬಂದಿರಲಿಲ್ಲ.”

ಹಾಗೇ ಮುಂದುವರಿಸಿದಳು. “ಆದ್ರ ಐದನೇದ್ರಾಗ ಅಂವ ಕೋಟ ಸರಿ ಮಾಡಿಸ್ಕೊಂಡ. ನೀನೂ ಮಾಡಸ್ಕೊ. ಇನ್ನೆಷ್ಟ ವರ್ಷ ನಾಲ್ಕನೇದ್ರಾಗ ಇರ್ತಿ?”

ದೇವೀಂದ್ರಪ್ಪ ಅಂಬಲಿ ಕೇಳಿದ. ಮಲ್ಕಮ್ಮ ಕೊಟ್ಟಳು. ಕುಡಿದ. ಹಿಂದಿರುಗುವಾಗ ಟೆಂಪೊದಲ್ಲಿ ಬಾಳೆಗೊನೆಗಳ ನಡುವಿನಿಂದ ನನ್ನ ಮೊಣಕೈ ಮುಟ್ಟಿ, ಕೇಳಿದ್ರೇನ್ರಿ ಸರ ಎಂದ. ಕೇಳಿದೆ ಎಂದೆ. ಊರು ಬರುವ ತನಕ ಇನ್ನೊಂದೆರಡು ಸಲ ಅದನ್ನೇ ಕೇಳಿದ, ನಾನೂ ಅದೇ ಉತ್ತರ ಹೇಳಿದೆ.

ಹೋದ ಸೋಮವಾರ ಗ್ರಂಥಾಲಯಕ್ಕೆ ರಜೆ. ಮಧ್ಯಾಹ್ನ ಅಂಗಡಿಗೆ ಹೋದಾಗ ಅವನು ಸ್ಟೂಲಿನ ಮೇಲಿದ್ದ. ಮುಖ ಕಳೆಗುಂದಿತ್ತು, ಆದರೆ ಗಡ್ಡ ಬೋಳಿಸಿಕೊಂಡು ಚೊಕ್ಕವಾಗಿದ್ದ. ಮಲ್ಕಮ್ಮನಿಗೆ ಮನೆಯಿಂದ ಕೋಟು ತರಲು ಹೇಳಿದ. ಅವಳು ಯಾವ ಕೋಟು ಎಂದು ಕೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು ತಂದು ಜಾಡಿಸಿ ಕೊಟ್ಟಳು. ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ತನ್ನ ಬಲಗೈಯ ಅಳತೆಯನ್ನು ತಾನೇ ತೆಗೆಯಲು ಆಗುವುದಿಲ್ಲ. ಟೇಪನ್ನು ಅತ್ತಿಗೆಯ ಕಡೆ ಚಾಚಿದ. ಅದು ಅವಳ ಗಂಡನ ಕೋಟು. ಅವಳು ಸ್ವಲ್ಪ ಹೊತ್ತು ಟೇಪನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಭುಜದ ಹೊಲಿಗೆಗೆ ತುದಿ ಒತ್ತಿ ಹಿಡಿದಳು.

“ಕೈ ಸಡಿಲ ಬಿಡೋ” ಎಂದಳು. “ಸೇತುವಿ ಮ್ಯಾಲ ನಿಂತಾಂಗ.”

ಅವನು ಬಿಟ್ಟ. ಅವಳು ಮಣಿಕಟ್ಟಿನ ಹತ್ತಿರ ಸೀಮೆಸುಣ್ಣದ ಗುರುತು ಹಾಕಿದಳು.

ಕೋಟು ಬಿಚ್ಚಿ, ಕುಳಿತು ಬಲತೋಳಿನ ಹೊಲಿಗೆ ಬಿಚ್ಚತೊಡಗಿದ. ಒಳಗೆ ನಾಗಣ್ಣ ಹಾಕಿದ ದಾರ ಇನ್ನೂ ಗಟ್ಟಿಯಾಗಿತ್ತು; ಒಂದೊಂದೇ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಎತ್ತಿದ. ಅಣ್ಣ ಒಳಗೆ ಬಹಳ ಬಟ್ಟೆ ಬಿಟ್ಟಿದ್ದಾನೆ, ಬೆಳೆಯುವವನಿಗೆ ಹೊಲಿದ ಹಾಗೆ ಎಂದು ನಕ್ಕ. ಹೆಚ್ಚಾದ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಿಚಿ ಕೈಹೊಲಿಗೆ ಹಾಕಿದ. ನಡುವೆ ಎರಡು ಸಲ ನಿಂತು ಉಸಿರು ತಗೊಂಡ. ಉಳಿದದ್ದನ್ನು ಮೈತ್ರಿ ಬಂದ ಮೇಲೆ ಮಾಡಿದರಾಯಿತು ಎಂದೆ. ಅವಳು ಶನಿವಾರ ಬರುತ್ತಾಳೆ, ತೊಟ್ಟುಕೊಂಡೇ ನಿಲ್ದಾಣಕ್ಕೆ ಹೋಗುತ್ತೇನೆ ಎಂದ. ಬಲತೋಳು ಮುಗಿಯಿತು. ಇಸ್ತ್ರಿ ಮಾಡಿ, ಕೋಟು ಮತ್ತೆ ತೊಟ್ಟ. ತೋಳು ಮಣಿಕಟ್ಟಿನ ಮೂಳೆಯ ಮೇಲೆ, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ನನ್ನ ಕಡೆ ಚಾಚಿ ತೋರಿಸಿದ. ಚೊಲೋ ಆಗ್ಯದ ಎಂದೆ.

ಮಲ್ಕಮ್ಮ ಚಹಾ ಮಾಡಲು ಒಳಗೆ ಹೋದಳು. ಹೊರಗೆ ಆಳಂದದ ಬಸ್ಸು ಹಾರ್ನ್ ಹೊಡೆದು ಹೋಯಿತು. ಎಡಗೈಯ ಅಳತೆಗೆ ಅವನಿಗೆ ಯಾರೂ ಬೇಕಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು, ಎಡಗೈಯನ್ನು ಮೈ ಪಕ್ಕಕ್ಕೆ ಸಡಿಲ ಬಿಟ್ಟು, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು, ಮಣಿಕಟ್ಟಿನ ನೇರಕ್ಕೆ ಕೋಟಿನ ತೋಳಿನ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದ.